ಗಡಿಯಾರದಣ್ಣನ ಅಂಗೈ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೀದಿಯಾಚೆಯ ಅಂಗಡಿಯೇ ಕಾಣುತ್ತಿರಲಿಲ್ಲ. ಗಡಿಯಾರ ರಿಪೇರಿಯವನಿಗೆ ಮಾತ್ರ ಒಳಗೊಳಗೇ ಖುಷಿ: ಮಂಜು ಊರಿಗೆಲ್ಲ, ತನ್ನ ಕಣ್ಣಿಗಲ್ಲ. ಹೋದ ವರ್ಷ ಕಣ್ಣಿನೊಳಗೆ ಉರಿಯೂತವೆದ್ದು, ಬಿರುಬಿಸಿಲಲ್ಲೂ ಅವನಿಗೆ ಹೀಗೇ ಕಾಣುತ್ತಿತ್ತು. ಮೈಕಾಯುವ ಶಕ್ತಿಯೇ ಕಣ್ಣಿನ ಮೇಲೆ ಬಿದ್ದಿದೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ಡಾಕ್ಟರಮ್ಮ ಆ ಶಕ್ತಿಯನ್ನು ಹದ್ದುಬಸ್ತಿನಲ್ಲಿಡುವ ಬಯಾಲಜಿಕ್ ಎಂಬ ಇಂಜೆಕ್ಷನ್ನನ್ನು ಹದಿನೈದು ದಿನಕ್ಕೊಂದರಂತೆ ಶುರು ಮಾಡಿದ್ದರು. ದೇವರು ದೊಡ್ಡವನು, ಕಣ್ಣು ತಿಳಿಯಾಯಿತು.

ಆದರೆ ಮೂರು ತಿಂಗಳಿಂದ ಅಂಗೈ ಕೆಂಪಾಗಿ, ಬಿರಿದು, ಹೊಟ್ಟು ಉದುರತೊಡಗಿತ್ತು. ಇದು ಇಂಜೆಕ್ಷನ್ನಿನದೇ ಇರಬೇಕು, ಹೇಳಿದರೆ ಅದನ್ನು ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಕಣ್ಣು ಹೋಗುತ್ತದೆ, ಕಣ್ಣಿನ ಹಿಂದೆ ಕಸುಬೂ ಹೋಗುತ್ತದೆ ಎಂದುಕೊಂಡ ಈ ಮಹಾಜಾಣ, ಆಸ್ಪತ್ರೆಯಲ್ಲಿ ಜವಾನನಿಂದ ಡಾಕ್ಟರಮ್ಮನವರೆಗೆ ಎಲ್ಲರಿಗೂ ಕೈಮುಗಿದೇ ನಿಂತ. ಮುಗಿದ ಕೈಯ ಅಂಗೈ ಯಾರಿಗೆ ಕಂಡೀತು? ವಿನಯವಂತನೆಂಬ ಹೆಸರು ಪುಕ್ಕಟೆಯಾಗಿ ಬಂತು. ಮನೆಯಲ್ಲಿ ತಪ್ಪನ್ನು ಸೋಪಿನ ತಲೆಗೆ ಕಟ್ಟಿದ.

"ನಾಲ್ಕು ಸೋಪು ಬದಲಾಯ್ಸಿದೆ. ಇನ್ನು ನಿಮ್ಮನ್ನೇ ಬದಲಾಯ್ಸೋದು ಬಾಕಿ" ಎಂದಳು ಹೆಂಡತಿ.

ಈಗ ಅವನ ಮುಂದೆ ಬಿಚ್ಚಿ ಕೂತಿದ್ದು ಅದೇ ಆಸ್ಪತ್ರೆಯ ನರ್ಸಮ್ಮ ನಾಡಿ ಎಣಿಸುವ ಕೈಗಡಿಯಾರ. ಎರಡು ಸಲ ರಿಪೇರಿಯಾಗಿ ಎರಡು ಸಲವೂ ನಿಂತಿತ್ತು. ತಯಾರಿಸಿದವರನ್ನು ಬೈದಾಗಿತ್ತು, ಧೂಳನ್ನು ಬೈದಾಗಿತ್ತು, ನರ್ಸಮ್ಮನ ಒರಟು ಕೈಯನ್ನೂ ಮನಸ್ಸಿನಲ್ಲೇ ಬೈದಾಗಿತ್ತು. ಭೂತಗನ್ನಡಿ ಕಣ್ಣಿಗಿಟ್ಟು ಬಗ್ಗಿದ. ಚಕ್ರದ ಹಲ್ಲುಗಳ ನಡುವೆ ಬಿಳಿಯ ಹೊಟ್ಟೊಂದು ಸಿಕ್ಕಿಕೊಂಡಿತ್ತು. ಅವನದೇ ಚರ್ಮ.

'ಕೋತಿ ನಾನು,' ಅಂದುಕೊಂಡ. 'ಮೊಸರು ತಿಂದು ಎಷ್ಟು ಮೇಕೆಗಳ ಬಾಯಿಗೆ ಒರೆಸಿದೆ.'

ಗ್ಲೌಸ್ ಹಾಕಿಕೊಂಡು ಚಕ್ರಗಳನ್ನು ತೊಳೆದು ಜೋಡಿಸಿ, ಆಸ್ಪತ್ರೆಗೆ ನಡೆದ. ಡಾಕ್ಟರಮ್ಮನ ಮುಂದೆ ಎರಡೂ ಅಂಗೈ ಬಿಡಿಸಿ ಹಿಡಿದ.

"ಎಷ್ಟು ದಿನದಿಂದ?"

"ಮೂರು ತಿಂಗಳಾಯ್ತು ಮೇಡಂ. ಹೇಳಿದ್ರೆ ಇಂಜೆಕ್ಷನ್ ನಿಲ್ಲಿಸ್ತೀರ, ಕಣ್ಣು ಹೋಗತ್ತೆ ಅಂತ..."

"ನಾನೋ, ಎಂಥ ವಿನಯ ಈ ಮನುಷ್ಯಂದು ಅಂದ್ಕೊಂಡಿದ್ದೆ." ಡಾಕ್ಟರಮ್ಮ ಅವನ ಕೈಯನ್ನು ಬೆಳಕಿಗೆ ತಿರುಗಿಸಿದರು. "ಇದು ಆ ಇಂಜೆಕ್ಷನ್ನಿಂದೇ ಕೆಲಸ. ಕೆಲವರಿಗೆ ಹೀಗಾಗತ್ತೆ. ಚರ್ಮದ ಡಾಕ್ಟರ ಹತ್ರ ಮಾತಾಡ್ತೀನಿ. ಕಣ್ಣು ಕಾಯೋಕೆ ಬೇರೆ ಔಷಧಿನೂ ಇದೆ ಗಡಿಯಾರದಣ್ಣ. ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಮೂರು ತಿಂಗಳ ಅಂಜಿಕೆ ಮೂರು ಮಾತಿನಲ್ಲಿ ಮುಗಿದುಹೋದದ್ದಕ್ಕೆ ಅವನಿಗೆ ಸ್ವಲ್ಪ ಅವಮಾನವೇ ಆಯಿತು.

ಹೊರಗೆ ನರ್ಸಮ್ಮ ಮುದುಕನೊಬ್ಬನ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರದತ್ತ ಕತ್ತೆತ್ತಿ ನಾಡಿ ಎಣಿಸುತ್ತಿದ್ದಳು. ಎಣಿಕೆ ಮುಗಿಯುವವರೆಗೆ ಕಾದು, ಅವನು ಕೈಗಡಿಯಾರವನ್ನು ಬಿರಿದ ಅಂಗೈಯಲ್ಲೇ ಇಟ್ಟು ಮುಂದೆ ಚಾಚಿದ.