ನೋವು ಅಂದವರು ಪಾತ್ರೆ ತೊಳೆಯಬೇಕು

ನಾನು ಒಂದು ಸಲ ಕೈಯಾಡಿಸಿದರೆ ಸಾಕು, ಎಂಥ ನೋವಾದರೂ ಬಾಲ ಮುದುರಿಕೊಂಡು ಓಡುತ್ತದೆ. ನೋವೆಂದು ಅಳುತ್ತ ಬಂದ ಸಾವಿರ ಮಕ್ಕಳನ್ನು ಹೀಗೆ ನಗಿಸಿ ಕಳಿಸಿದ್ದೇನೆ. ಇದರಲ್ಲಿ ಅರ್ಧ ಸುಳ್ಳು, ಬಿಡಿ. ನಗಿಸಿದ್ದು ನಿಜ.

ನನ್ನ ಮೊಮ್ಮಗಳಿಗೆ ಕೈಕಾಲಿನ ಕೀಲುಗಳೆಲ್ಲ ನೋಯುವ ಕಾಯಿಲೆ. ಊತವಿಲ್ಲ, ಯಾವ ಪರೀಕ್ಷೆಯಲ್ಲೂ ಕಾಣುವುದಿಲ್ಲ. ಅವಳು ಬಾಯಿಬಿಟ್ಟರೆ ಮಾತ್ರ ಗೊತ್ತಾಗುವ ನೋವು. ಇಡೀ ದಿನ ಕುಂಯ್ ಕುಂಯ್ ಎನ್ನುತ್ತಾಳೆಂದು ನಾನು ಅವಳನ್ನು ಪಿಟೀಲು ಎಂದೇ ಕರೆಯುತ್ತಿದ್ದೆ. ನನ್ನ ಸೊಸೆ ಹೊಲಿಗೆಯವಳು. ಮಿಷನ್ ತುಳಿಯುತ್ತಲೇ ಗಳಿಗೆಗೊಮ್ಮೆ, "ನೋವಾಗ್ತಿದೆಯಾ ಮಗಳೇ?" ಎಂದು ಕೇಳುವಳು. ಅದಕ್ಕೇ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ, "ಅಕ್ಕಾ, ನೀವಾಗೇ ನೋವಿನ ಮಾತು ಎತ್ತಬೇಡಿ. ಅವಳ ಗಮನ ಬೇರೆ ಕಡೆ ಹೋಗ್ಲಿ," ಎಂದಳು.

ಒಳ್ಳೆಯ ಮಾತೇ. ಸೊಸೆ ಅದಕ್ಕೆ ಕತ್ತರಿ ಹಾಕಿ ತನ್ನ ಅಳತೆಗೆ ಹೊಲಿದುಕೊಂಡಳು. ಮನೆಯಲ್ಲೊಂದು ಆಟ ಶುರುವಾಯಿತು: ಯಾರು ನೋವು ಅಂದರೂ ಆ ಹೊತ್ತಿನ ಪಾತ್ರೆ ಅವರೇ ತೊಳೆಯಬೇಕು.

"ಹಂಗಾದ್ರೆ ಊರ ಪಾತ್ರೆಯೆಲ್ಲ ನನ್ನ ತಲೆಗೇ ಬಂತು. ನನ್ನ ಮಂಡಿ ಬಾಯಿ ಮುಚ್ಕೊಂಡು ಇರತ್ತಾ?" ಎಂದೆ.

"ಮಂಡಿ ಇರತ್ತೆ ಅತ್ತೆ. ನೀವಿರಬೇಕಲ್ಲ."

ಮೊದಲ ದಿನವೇ ಪಿಟೀಲು ಸೋತಳು. ಬೆರಳು ಮಡಚಲಾಗದೆ ಅಂಗೈಯಲ್ಲೇ ಬಾಣಲೆ ಉಜ್ಜಿದಳು. ನಾನು ಕಸಿದುಕೊಳ್ಳಲು ಹೋದರೆ, "ಬೇಡ ಅಜ್ಜಿ, ಆಟ ಅಂದ್ರೆ ಆಟ," ಎಂದಳು. ಆಮೇಲೆ ಅವಳು ಸೋಲಲೇ ಇಲ್ಲ. ಮೆಟ್ಟಿಲು ಇಳಿಯುವಾಗ ತುಟಿ ಕಚ್ಚುವಳು, ರಕ್ತ ಬಂದರೆ ನಾಲಿಗೆಯಲ್ಲಿ ಒರೆಸಿಕೊಳ್ಳುವಳು. ಸೊಸೆ ಮಾತ್ರ ಮಗಳಿಗೆ ಗುಣವಾಯಿತೆಂದು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿದಳು. ಸೊಸೆ ನೆಮ್ಮದಿಯಾಗಿ ಉಂಡದ್ದನ್ನು ನಾನು ನೋಡಿದ್ದು ಆಗಲೇ.

"ಮಗು ನುಂಗ್ಕೊಳ್ತಿದೆ ಕಣೆ," ಎಂದೆ.

"ಅವಳು ಅಳ್ತಾ ಇದ್ರೇ ನಿಮಗೆ ಸಮಾಧಾನ, ಅಲ್ವಾ?"

ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳುವ ಮೊದಲೇ ಸೊಸೆ, "ಈಗ ಏನೂ ಇಲ್ಲ ಡಾಕ್ಟ್ರೇ," ಎಂದಳು.

"ಹಾಗಿದ್ರೆ ಔಷಧಿ, ವ್ಯಾಯಾಮ ಎರಡೂ ನಿಲ್ಲಿಸೋಣ. ಕಾಯ್ತಿರೋ ಮಕ್ಕಳು ಬೇಕಾದಷ್ಟಿದ್ದಾರೆ."

ನಾನು ಬಾಯಿ ತೆರೆದೆ. ಡಾಕ್ಟರು ಕೈ ಅಡ್ಡ ಹಿಡಿದರು. "ಅಜ್ಜೀ, ಅವಳೇ ಹೇಳ್ಲಿ. ಏನಮ್ಮಾ, ನೋವಿದೆಯಾ?"

ಪಿಟೀಲು ನನ್ನನ್ನು ನೋಡಿದಳು. ಆಮೇಲೆ ಅಮ್ಮನ ಮುಖ ನೋಡಿದಳು. ವರ್ಷಗಳ ಮೇಲೆ ಅರಳಿದ ಮುಖ ಅದು. ಹತ್ತು ಕೋಣೆಗೆ ಸಾಲುವಷ್ಟು ಬೆಳಕಿತ್ತು ಅದರಲ್ಲಿ.

ನೀವೂ ಮಕ್ಕಳನ್ನು ಹೆತ್ತವರು. ಏನಂದಳು, ನೀವೇ ಹೇಳಿ ನೋಡೋಣ.