ಕಿಟಕಿ ಗಾಜಿಗೆ ಹಚ್ಚಿದ ಹಾಳೆ

ಲೀಲಾಕ್ಷಿಯ ಕೈಯಿಂದ ಸೋಪಿನ ವಾಸನೆ ಎಂದೂ ಹೋಗುತ್ತಿರಲಿಲ್ಲ. ಬಟ್ಟೆ ಒಗೆದು ಬಂದ ವಾಸನೆಯಲ್ಲ, ಪಾಠ ಹೇಳಿ ಬಂದದ್ದು. ಬಟ್ಟೆ ಸೋಪನ್ನು ಚಾಕುವಿನಿಂದ ಕೆತ್ತಿ, ಒಂದು ಮೂಲೆ ತೆಗೆದು, ನಡುವೆ ಪೆನ್ಸಿಲ್ ತೂರಿಸಿ ತೂತು ಮಾಡಿ, ಎಂಜಿನಿಯರಿಂಗ್ ಡಿಪ್ಲೊಮಾ ಓದುವ ಹುಡುಗಿಯರ ಮುಂದಿಡುವಳು. ಎದುರಿನಿಂದ, ಮೇಲಿನಿಂದ, ಪಕ್ಕದಿಂದ ಅದು ಹೇಗೆ ಕಾಣುತ್ತದೋ ಅವರೇ ನೋಡಿ ಬರೆಯಬೇಕು. ಉತ್ತರ ಮಾತ್ರ ಈಕೆಯ ಬಾಯಿಂದ ಬರುವುದಿಲ್ಲ.

"ಮೇಲಿಂದ ನೋಡು ಮಾರಾಯ್ತಿ. ಎಂತ ಕಾಣ್ತದೆ?"

"ಸಾಬಾಣ ಕಾಣ್ತದ್ರಿ ಅಕ್ಕಾರ," ಎಂದಳು ತ್ರಿವೇಣಿ. ಪಕ್ಕದ ಮನೆಯ ಭೀಮವ್ವನ ಮಗಳು, ಮೊದಲ ವರ್ಷದಲ್ಲಿದ್ದಳು.

"ಸೋಪು ನಂಗೂ ಕಾಣ್ತದೆ. ಗೆರೆ ಎಷ್ಟು ಕಾಣ್ತದೆ?"

"ನೀವ ಒಂದ್ಸಲ ಹೇಳಿಬಿಡ್ರಿ, ನಾ ಬರ್ಕೋತೀನಿ."

"ನಾನು ಹೇಳಿದ್ರೆ ಅದು ನಂಗೆ ಕಂಡದ್ದಾಯ್ತು. ನಿಂಗೆ ಕಾಣುದು ಯಾವಾಗ?"

"ಕಾಲೇಜಿನ್ಯಾಗ ಎಲ್ಲಾರೂ ಜಿಟಿ ಹೊಡೀತಾರ್ರಿ. ನಾ ಒಬ್ಬಾಕಿನ ಹುಚ್ಚಿ ಹಂಗ ಸಾಬಾಣ ತಿರುಗಿಸ್ಕೋತ ಕುಂತೀನಿ."

ಜಿಟಿ ಎಂದರೆ ಗ್ಲಾಸ್ ಟ್ರೇಸಿಂಗ್, ಬೇರೇನಲ್ಲ. ಮುಗಿಸಿದವರ ಹಾಳೆಯನ್ನು ಗಾಜಿಗೆ ಹಚ್ಚಿ, ಹಿಂದಿನಿಂದ ಬೆಳಕು ಬಿಟ್ಟು, ಮೇಲೆ ತಮ್ಮ ಹಾಳೆಯಿಟ್ಟು ಗೆರೆ ಇಳಿಸಿಕೊಳ್ಳುವುದು. ಆ ಹೆಸರು ಕೇಳಿದರೇ ಲೀಲಾಕ್ಷಿಗೆ ಮೈ ಉರಿಯುತ್ತಿತ್ತು. ಹಡಪಸರದ ಕಾರ್ಖಾನೆಯೊಂದರಲ್ಲಿ ಆಕೆ ಟ್ರೇಸರ್ ಆಗಿದ್ದವಳು. ಸಾಹೇಬರ ನಕ್ಷೆಯ ಮೇಲೆ ತೆಳು ಕಾಗದ ಹಾಸಿ ಶಾಯಿಯಲ್ಲಿ ಇಳಿಸುವುದೇ ಉದ್ಯೋಗ. ಗೆರೆ ಒಂಚೂರೂ ಅಲುಗುತ್ತಿರಲಿಲ್ಲ. ಆದರೆ ಬರೆಯುತ್ತಿರುವುದೇನು ಎಂದು ಯಾರೂ ಹೇಳಲಿಲ್ಲ, ಈಕೆ ಕೇಳಲೂ ಇಲ್ಲ. ತೊಂಬತ್ನಾಲ್ಕರಲ್ಲಿ ಕಂಪ್ಯೂಟರ್ ಬಂತು. ನಕ್ಷೆ ಅರ್ಥವಾಗುವವರನ್ನು ಅದರ ಮುಂದೆ ಕೂರಿಸಿದರು, ಟ್ರೇಸರುಗಳನ್ನು ಮನೆಗೆ ಕಳಿಸಿದರು. ಆಮೇಲೆ ಹಳೆಯ ಪುಸ್ತಕಗಳನ್ನು ತಂದು, ಸೋಪು ಕೆತ್ತಿ ಕೆತ್ತಿ, ತಾನೇ ಕಲಿತಳು. ತನ್ನ ಹತ್ತಿರ ಬಂದವರಲ್ಲಿ ಒಬ್ಬಳಾದರೂ ತನ್ನ ಕಣ್ಣಿನಿಂದ ನೋಡಿ ಬರೆಯುವಂತಾಗಲಿ ಎನ್ನುವುದೊಂದೇ ಆಸೆ. ಆ ಆಸೆಯನ್ನು ತ್ರಿವೇಣಿಯ ಮೇಲೆ ಇಟ್ಟಿದ್ದಳು.

ಸಬ್ಮಿಷನ್ನಿನ ದಿನ ಬಂತು. ಸಂಜೆಯೊಳಗೆ ಎಲ್ಲ ಹಾಳೆಗೂ ಸರ್ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ತ್ರಿವೇಣಿಯದು ಒಂದು ಹಾಳೆ ಬಾಕಿಯಿತ್ತು. ಅಳಿಸಿ ಅಳಿಸಿ ಅದು ಕಪ್ಪಾಗಿತ್ತು. ಸೋಪು ತಿರುಗಿಸುತ್ತಿದ್ದ ತ್ರಿವೇಣಿಯ ಕೈ ಒಮ್ಮೆಲೇ ನಿಂತಿತು.

"ಅಕ್ಕಾರ, ಈ ತೂತು ಈ ಕಡಿಂದ ಕಾಣಂಗಿಲ್ಲ. ಆದ್ರ ಒಳಗ ಅದ. ಅಂದ್ರ..."

ಲೀಲಾಕ್ಷಿ ಬಾಯಿ ತೆರೆದಳು.

"ತಡೀರಿ, ತಡೀರಿ! ಹೇಳಬ್ಯಾಡ್ರಿ!"

ಈ ಮಾತಿಗಾಗಿ ಲೀಲಾಕ್ಷಿ ಮಳೆಗಾಲವಿಡೀ ಕಾದಿದ್ದಳು. ತೆರೆದ ಬಾಯಿ ಮುಚ್ಚಿ ಕೂತಳು.

ಅಷ್ಟರಲ್ಲಿ ಭೀಮವ್ವ ಒಂದು ಕೈಯಲ್ಲಿ ಹಾಳೆಯ ಸುರುಳಿ, ಇನ್ನೊಂದರಲ್ಲಿ ಅನ್ನದ ತಾಟು ಹಿಡಿದು ಒಳಗೆ ಬಂದಳು. "ಏನ ತಡೀತಿ? ಓಣ್ಯಾಗಿನ ಹುಡುಗ್ಯಾರು ಸಹಿ ಹಾಕಿಸ್ಕೊಂಡು ಬಂದು ವಡಾಪಾವ್ ತಿನ್ನಾಕತ್ಯಾರ. ಅವರೊಳಗಿನ ಶಿವಾನಿ ಕಡೆ ಆಕಿ ಹಾಳಿ ಇಸ್ಕೊಂಡು ಬಂದೀನಿ, ತಗೋ. ಅಕ್ಕಾರ, ನಿಮ್ಮ ಕೈ ಮುಗೀತೀನಿ. ವರ್ಷ ಹೋದ್ರ ಇವರಪ್ಪ ಮತ್ತ ಕಾಲೇಜಿಗೆ ಕಳಸಂಗಿಲ್ಲ."

"ಇನ್ನೊಂದು ಸ್ವಲ್ಪ ಹೊತ್ತು, ಭೀಮವ್ವ. ಈಗ ಬಂತು ಅವಳಿಗೆ."

"ಆಕಿಗೆ ಬಂತ್ರಿ, ಬಸ್ಸು ಹೋತಲ್ಲ!"

ತ್ರಿವೇಣಿಯ ಕಣ್ಣು ತುಂಬಿದವು. ಲೀಲಾಕ್ಷಿ ಗಡಿಯಾರ ನೋಡಿದಳು, ಹುಡುಗಿಯನ್ನು ನೋಡಿದಳು. ಎದ್ದು ಶಿವಾನಿಯ ಹಾಳೆಯನ್ನು ಕಿಟಕಿ ಗಾಜಿಗೆ ಹಚ್ಚಿದಳು, ಅದರ ಮೇಲೊಂದು ಬಿಳಿ ಹಾಳೆ. ಹೊರಗಿನ ಬಿಸಿಲಿಗೆ ಒಂದೊಂದು ಗೆರೆಯೂ ಎದ್ದು ಕಂಡಿತು. ಕೈ ಏನನ್ನೂ ಮರೆತಿರಲಿಲ್ಲ, ಸರಸರ ಓಡಿತು. ಸ್ವಲ್ಪ ಹೊತ್ತು ಸೋಪು ಹಿಡಿದೇ ನಿಂತಿದ್ದ ತ್ರಿವೇಣಿ ಅದನ್ನು ಕೆಳಗಿಟ್ಟು ಅನ್ನ ಕಲಸತೊಡಗಿದಳು.

"ಕಾಣದ ತೂತಿಗೆ ಇಲ್ಲಿ ತುಂಡು ಗೆರೆ ಯಾಕೆ ಹಾಕಿದೆ, ಗೊತ್ತಾಯ್ತಾ?"

"ಹೂಂ ಅಕ್ಕಾರ," ಎಂದಳು, ತಾಟಿನಿಂದ ತಲೆ ಎತ್ತದೆ.

ಸಹಿ ಬಿತ್ತು. ತ್ರಿವೇಣಿ ಪೇಢೆ ಹಿಡಿದು ಓಡಿ ಬಂದಳು. "ನೀವು ಹಾಕಿದ್ದು ನೋಡಿ ಸರ್ 'ವ್ಹಾ' ಅಂದ್ರು. ಎಲ್ಲಾರಿಗೂ ತೋರ್ಸಿದ್ರು. ನಾ ಹಾಕಿದ್ದಕ್ಕ 'ಹೇ ಕಾಯ್?', ಇದೇನಿದು ಅಂದ್ರು, ನೋಡ್ರಿ!" ನಗುತ್ತಲೇ ಹೇಳಿದಳು. ಲೀಲಾಕ್ಷಿ ಪೇಢೆ ಬಾಯಿಗೆ ಹಾಕಿಕೊಂಡಳು. ಮೇಜಿನ ಮೇಲೆ ಉಳಿದಿದ್ದ ಸೋಪನ್ನು ಎತ್ತಿಟ್ಟಳು.

ದೀಪಾವಳಿ ಕಳೆದು ಎರಡನೇ ಟರ್ಮ್ ಶುರುವಾಯಿತು. ಲೀಲಾಕ್ಷಿ ಗುಜರಿ ಅಂಗಡಿಯಿಂದ ನಿಜವಾದ ಯಂತ್ರದ ತುಂಡೊಂದನ್ನು ಆರಿಸಿ ತಂದು, ಸೀಮೆಎಣ್ಣೆಯಲ್ಲಿ ತುಕ್ಕು ತಿಕ್ಕಿ ಮೇಜಿನ ಮೇಲಿಟ್ಟಳು.

"ಪಕ್ಕದಿಂದ ನೋಡು. ಗೆರೆ ಎಷ್ಟು?"

ತ್ರಿವೇಣಿ ಕಬ್ಬಿಣವನ್ನು ಮುಟ್ಟಲಿಲ್ಲ. ಲೀಲಾಕ್ಷಿಯ ಮುಖ ನೋಡಿದಳು. "ಮೂರ್ರಿ?"

ಲೀಲಾಕ್ಷಿ ತುಂಡನ್ನು ಅವಳತ್ತ ಸರಿಸಿದಳು.

"ಅಲ್ಲೇನ್ರಿ? ನಾಕು?" ಎಂದು ಇನ್ನಷ್ಟು ಹತ್ತಿರ ಬಾಗಿದಳು. "ನಿಮ್ಮ ಹುಬ್ಬು ಮ್ಯಾಲ ಹೋತು. ನಾಕಲ್ಲ. ಐದು!"

"ಅದನ್ನು ನೋಡು ಮಗಾ. ನನ್ನನ್ನಲ್ಲ."

"ನೋಡಾಕತ್ತೀನ್ರಿ," ಎಂದಳು ಲೀಲಾಕ್ಷಿಯ ಮುಖದಿಂದ ಕಣ್ಣು ಕೀಳದೆ. "ಐದ ಹೌದಲ್ರಿ?"

ಲೀಲಾಕ್ಷಿ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತಳು. ಹಿಂದಿನಿಂದ ದನಿ ಬಂತು.

"ಆರು?"