ಅಕ್ಕ ಬಿಡದ ಮೇಜು

ನಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರದ್ದೇ ಯಜಮಾನಿಕೆ. ಹೊಲಿಯುವವರು ಅವರು ಹೇಳಿದಂತೆ ಕೇಳಬೇಕು. ಸಂಧಿವಾತದಿಂದ ಅಕ್ಕನ ಬೆರಳು ಸೊಟ್ಟಗಾದ ಎರಡು ವರ್ಷ ಕತ್ತರಿ ನನ್ನ ಕೈಯಲ್ಲಿತ್ತು. ಆಮೇಲೆ ಹದಿನೈದು ದಿನಕ್ಕೊಮ್ಮೆ ಹೊಟ್ಟೆಗೆ ಚುಚ್ಚುವ ಹೊಸ ಇಂಜೆಕ್ಷನ್ ಬಂತು. ಮೂರೇ ತಿಂಗಳಲ್ಲಿ ಅಕ್ಕ ಮತ್ತೆ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಹಾಜರು. "ಅಬ್ಬಾ, ಇನ್ನು ಕೋಟು ಭುಜಕ್ಕೆ ಸರಿಯಾಗಿ ಕೂರುತ್ತೆ ಬಿಡಿ," ಎಂದರು ಗಿರಾಕಿಗಳು, ಅದೂ ನನ್ನೆದುರಿಗೇ. ನನಗೆ ಹೊಟ್ಟೆ ಉರಿದುಹೋಯಿತು.

ಇಂಜೆಕ್ಷನ್ ಚುಚ್ಚುವ ಕೆಲಸ ಮಾತ್ರ ನನ್ನದೇ. ಡಾಕ್ಟರು ಮೊದಲೇ ಇಬ್ಬರಿಗೂ ಹೇಳಿದ್ದರು: "ಈ ಔಷಧಿ ಮೈಯ ರೋಗನಿರೋಧಕ ಶಕ್ತೀನೂ ತಗ್ಗಿಸುತ್ತೆ. ಎಲ್ಲಾದ್ರೂ ಕೀವು ಕಂಡ್ರೆ ನಿಲ್ಲಿಸಿ, ನನಗೆ ಫೋನ್ ಮಾಡಿ."

ಒಂದು ದಿನ ಅಕ್ಕನ ಹೆಬ್ಬೆರಳಿಗೆ ಸೂಜಿ ಚುಚ್ಚಿ ಕೀವಾಯಿತು. ಅವಳು ಚಿಂದಿ ಸುತ್ತಿಕೊಂಡಳು. ನಾನು ಕಂಡೂ ಕಾಣದವಳಂತಿದ್ದೆ. ಸುಳ್ಳೇಕೆ ಹೇಳಲಿ, ನೋವು ಹೆಚ್ಚಾಗಿ ನಾಲ್ಕು ದಿನ ಕತ್ತರಿ ಕೆಳಗಿಡಲಿ ಎಂದೇ ನನ್ನ ಆಸೆ. ಆ ಶುಕ್ರವಾರವೂ ಫ್ರಿಜ್ಜಿನಿಂದ ಇಂಜೆಕ್ಷನ್ ತೆಗೆದು ಚುಚ್ಚಿದೆ.

ಬೆರಳೇನೋ ವಾಸಿಯಾಯಿತು, ಬೆನ್ನುನೋವು ಶುರುವಾಯಿತು. ಜ್ವರವಿಲ್ಲವಾದ್ದರಿಂದ ಯಾರೂ ಗಾಬರಿಯಾಗಲಿಲ್ಲ.

"ದಿನವಿಡೀ ಬಗ್ಗಿದ್ರೆ ಇನ್ನೇನಾಗುತ್ತೆ? ಇಲ್ಲಿ ಕೊಡು ಕತ್ತರಿ," ಎಂದೆ.

ಅಕ್ಕ ಹಲ್ಲು ಕಚ್ಚಿಕೊಂಡು ನಿಂತಳೇ ಹೊರತು ಮೇಜು ಬಿಡಲಿಲ್ಲ. ಮೂರನೇ ವಾರ ಕಾಲು ಸೋತು ಅಲ್ಲೇ ಕುಸಿದಳು.

ಆಸ್ಪತ್ರೆಯ ಸ್ಕ್ಯಾನಿನಲ್ಲಿ ಬೆನ್ನುಮೂಳೆಯೊಳಗೆ ಕೀವು ಕಂಡಿತು.

"ನರ ಒತ್ತಿಹೋಗಿದೆ, ಇವತ್ತೇ ಆಪರೇಷನ್ ಆಗ್ಬೇಕು. ಮತ್ತೆ ನಡೀತಾರೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ," ಎಂದರು ಡಾಕ್ಟರು. "ಈ ಸೋಂಕು ಬೇರೆಲ್ಲಿಂದಲೋ ರಕ್ತದಲ್ಲಿ ಹರಿದು ಬಂದಿರ್ಬೇಕು. ಇತ್ತೀಚೆಗೆ ಗಾಯ ಏನಾದ್ರೂ ಆಗಿತ್ತಾ?"

"ಇಲ್ಲ," ಎಂದಳು ಅಕ್ಕ ಥಟ್ಟನೆ.

ನಾನು ಡಾಕ್ಟರ ಕಡೆ ತಿರುಗಿದೆ. "ಆಗಿತ್ತು. ಹೆಬ್ಬೆರಳಲ್ಲಿ ಕೀವಿತ್ತು. ನಾನು ನೋಡಿಯೂ ಇಂಜೆಕ್ಷನ್ ಕೊಟ್ಟೆ."

ಡಾಕ್ಟರು ಬರೆದುಕೊಂಡು ಹೊರಟರು. ಇನ್ನು ಬೈಗುಳವೇ ಎಂದು ತಲೆ ತಗ್ಗಿಸಿ ನಿಂತೆ.

"ನೀನು ನೋಡಿದ್ದು ನನಗೆ ಗೊತ್ತಿತ್ತು ಕಣೇ," ಎಂದಳು ಅಕ್ಕ. "ಬಾಯಿ ಬಿಟ್ರೆ ಇಂಜೆಕ್ಷನ್ ನಿಲ್ಲುತ್ತೆ, ಮೇಜು ನಿನ್ನ ಪಾಲಾಗುತ್ತೆ ಅಂತ ನಾನೂ ಸುಮ್ಮನಿದ್ದೆ. ಆ ಎರಡು ವರ್ಷ ನೀನು ಕತ್ತರಿಸಿದ ಕೋಟು ನನ್ನದಕ್ಕಿಂತ ಚೆನ್ನಾಗಿರ್ತಿತ್ತು. ಸಹಿಸಕ್ಕಾಗ್ಲಿಲ್ಲ."

ಈ ಒಂದು ಮಾತು ಕೇಳಬೇಕೆಂದು ಎಷ್ಟು ವರ್ಷದಿಂದ ಕಾದಿದ್ದೆನೋ. ಮಂಚದ ಕಾಲ್ದೆಸೆಯಲ್ಲಿ ನಿಂತಲ್ಲಿಂದಲೇ ಹೊದಿಕೆಯೊಳಗೆ ಕೈ ಹಾಕಿ ಅವಳ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಕ್ಕ ನನ್ನ ಮುಖವನ್ನೇ ನೋಡುತ್ತ, "ಅಷ್ಟು ದೂರ ಯಾಕೆ ನಿಂತಿದ್ದೀಯೇ? ಹತ್ತಿರ ಬಂದು ಮುಟ್ಟಬಾರದಾ?" ಎಂದಳು.